ನೋಡದೇ ಹಾಕಿದ ಟಿಕ್

ಕ್ಯಾಲಿಫೋರ್ನಿಯಾದಲ್ಲಿ ಡೇ ಕೇರ್‌ಗಳ ಲೈಸೆನ್ಸಿಂಗ್ ಇನ್‌ಸ್ಪೆಕ್ಷನ್ ಮಾಡ್ತಿದ್ದಾಗ ಒಂದ್ಸಲ ಮಧ್ಯಾಹ್ನ 1:10ಕ್ಕೆ ಒಂದು ಸೆಂಟರಿನ ಹಸುಗೂಸುಗಳ ರೂಮಿಗೆ ಹೋದೆ. ಇಲ್ಲಿ 2020ರ ನವೆಂಬರ್‌ನಿಂದ ರೂಲ್ ಇದೆ, ಎರಡು ವರ್ಷದೊಳಗಿನ ಮಗು ಮಲಗಿದ್ರೆ ಪ್ರತಿ 15 ನಿಮಿಷಕ್ಕೆ ಹತ್ರ ಹೋಗಿ ಉಸಿರಾಟ ಹೇಗಿದೆ, ಮೈ ಬಿಸಿಯಾಗಿದ್ಯಾ ನೋಡ್ಬೇಕು, ಬರೆದೂ ಇಡ್ಬೇಕು. ಶೀಟ್ ಕೈಗೆ ತಗೊಂಡ್ರೆ 1:15, 1:30, 1:45, 2:00 ಎಲ್ಲಾ ಆಗ್ಲೇ ತುಂಬಿಟ್ಟಿದ್ರು. ಎದೆ ಝಲ್ ಅಂತು.

ಇಂಥದ್ದನ್ನ ಹೊಸ ಇನ್‌ಸ್ಪೆಕ್ಟರ್‌ಗಳು "ಸ್ಲೀಪ್ ಲಾಗ್ ಸರಿ ಇಲ್ಲ" ಅಂತ ಒಂದೇ ಸಾಲಲ್ಲಿ ಬರೆದುಬಿಡ್ತಾರೆ, ಆಮೇಲೆ ಅಪೀಲ್ ಬಂದ್ರೆ ಅದರಲ್ಲಿ ಹಿಡ್ಕೊಳ್ಳೋಕೆ ಏನೂ ಇರಲ್ಲ. ನಾನು ಬರೆದಿದ್ದು: 1:10ಕ್ಕೆ ನೋಡಿದಾಗ 2:00ರವರೆಗಿನ ನಾಲ್ಕು ಎಂಟ್ರಿ ತುಂಬಿತ್ತು, ಕ್ರಿಬ್‌ಗಳಲ್ಲಿ ಮೂರು ಮಕ್ಕಳು ನಿದ್ದೆಯಲ್ಲಿದ್ವು, ರೂಮಲ್ಲಿ ಒಬ್ರೇ ಟೀಚರ್. ಕಣ್ಣಿಗೆ ಬಿದ್ದಿದ್ದು ಅಷ್ಟೇ, "ನಿರ್ಲಕ್ಷ್ಯ" ಅನ್ನೋ ಮಾತು ಬೇಡ.

ಆದ್ರೆ ಆ ಟೀಚರ್ ಮಾಡಿದ್ದನ್ನೇ ನಾವು ಇನ್‌ಸ್ಪೆಕ್ಟರ್‌ಗಳೂ ಮಾಡ್ತೀವಿ, ಇದನ್ನ ಹೇಳಲೇಬೇಕು. ಚೆಕ್‌ಲಿಸ್ಟ್ ಉದ್ದ ಇರತ್ತೆ, ಮುಂದಿನ ವಿಸಿಟ್‌ಗೆ ಹೊತ್ತಾಗಿರತ್ತೆ, ಮಳೆ ಅಂತ ಆಟದ ಅಂಗಳಕ್ಕೆ ಕಾಲೇ ಇಟ್ಟಿರಲ್ಲ, ಆದ್ರೂ ಅಲ್ಲಿನ ಬೇಲಿ, ಜಾರುಬಂಡೆ ಎಲ್ಲದಕ್ಕೂ ಟಿಕ್ ಬಿದ್ದಿರತ್ತೆ. ಅದು ಸುಳ್ಳು ದಾಖಲೆ. ಪಾಲನೆ ಆಗಿದೆ, ಆಗಿಲ್ಲ, ಇಲ್ಲಿಗೆ ಅನ್ವಯಿಸಲ್ಲ, ಇವತ್ತು ನೋಡಿಲ್ಲ, ಈ ನಾಲ್ಕೂ ಬೇರೆ ಬೇರೆ. ಔಷಧಿ ತಗೊಳ್ಳೋ ಮಗು ಒಂದೂ ಇಲ್ದಿದ್ರೆ ಅನ್ವಯಿಸಲ್ಲ, ಔಷಧಿ ಕಪಾಟು ತೆಗೆದೇ ನೋಡಿಲ್ಲ ಅಂದ್ರೆ ನೋಡಿಲ್ಲ. ಖಾಲಿ ಬಿಟ್ರೆ ಓದೋರು "ಸರಿ ಇದೆ" ಅಂದ್ಕೋತಾರೆ. 2014ರ ಫೆಡರಲ್ ಚೈಲ್ಡ್ ಕೇರ್ ಕಾನೂನು ಬಂದ್ಮೇಲೆ ಈ ರಿಪೋರ್ಟ್‌ಗಳು ಆನ್‌ಲೈನಲ್ಲಿ ಸಿಗತ್ವೆ, ಬೇ ಏರಿಯಾದ ನಮ್ಮ ಕನ್ನಡದ ಅಪ್ಪ ಅಮ್ಮಂದಿರೂ ಅದನ್ನ ನೋಡಿಯೇ ಮಗೂನ ಸೇರಿಸ್ತಾರೆ.

ತಲೆ ಎಣಿಕೆಗೂ ಇದೇ ಮಾತು. ಹಸುಗೂಸುಗಳಿಗೆ ನಾಲ್ಕಕ್ಕೆ ಒಬ್ರು, ಪ್ರಿಸ್ಕೂಲ್‌ನಲ್ಲಿ 12ಕ್ಕೆ ಒಬ್ಬ ಟೀಚರ್. ರೋಸ್ಟರ್ (ಹೆಸರಿನ ಪಟ್ಟಿ) ನೋಡಿ ಬರೀಬೇಡಿ, ಒಳಗೆ ಕಾಲಿಟ್ಟ ತಕ್ಷಣ ಎಣಿಸಿ, ಟೈಮ್ ಹಾಕಿ.

ನಿಯಮ ಮುರಿದಿದ್ರಿಂದ ಮಕ್ಕಳಿಗೆ ತಕ್ಷಣದ ಅಪಾಯ ಇದ್ರೆ ಅದನ್ನ ಟೈಪ್ ಎ ಅಂತ ಬರೀತೀವಿ, ಆ ರಿಪೋರ್ಟನ್ನ ಸೆಂಟರಿನವರು 30 ದಿನ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ಬೇಕು. ಅವರ ಹೊಟ್ಟೆಪಾಡಿನ ವಿಷ್ಯ ಇದು, ಹಾಗಾಗಿ ಹೊರಡೋ ಮೊದಲು ಡೈರೆಕ್ಟರ್ ಜೊತೆ ಕೂತು ಒಂದೊಂದೇ ಸಾಲು ಓದಿ ಹೇಳಿ. ಸಹಿ ಹಾಕಿದ್ರೆ ಒಪ್ಕೊಂಡ ಹಾಗಲ್ಲ, ಅಪೀಲ್ ಮಾಡೋ ಹಕ್ಕು ಇದೆ ಅಂತ್ಲೂ ಬಾಯಿಬಿಟ್ಟು ಹೇಳಿ, ಎಷ್ಟೋ ಜನಕ್ಕೆ ಅದು ಗೊತ್ತೇ ಇರಲ್ಲ.