ಕಣ್ಣು ಕಾಣದ ಮಗುವಿಗೆ ಬೇಸಿಗೆ ಶಿಬಿರದಲ್ಲಿ ಏನು ಕಲಿಸುತ್ತೇವೆ?

ಏಪ್ರಿಲ್ ಬಂದರೆ ಪೋಷಕರ ಫೋನ್ ಶುರು. ‘ಮೇಡಂ, ರಜೆಯಲ್ಲಿ ಬ್ರೈಲ್ ಸ್ವಲ್ಪ ಜಾಸ್ತಿ ಮಾಡಿಸ್ತೀರಾ?’ ಬೆರಳಿನಿಂದ ಮುಟ್ಟಿ ಓದುವ ಈ ಚುಕ್ಕಿ ಲಿಪಿಯ ಕಲಿಕೆ ಶಾಲೆಯಲ್ಲಿ ಹೇಗೂ ನಡೆಯುತ್ತದೆ. ಶಿಬಿರದಲ್ಲಿ ನಾವು ಕಲಿಸುವುದು ನೀರು ಬಗ್ಗಿಸುವುದು, ಶರ್ಟಿನ ಗುಂಡಿ ಹಾಕುವುದು, ಅನ್ನ ಕಲಸಿ ಉಣ್ಣುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು.

ಇದೆಲ್ಲ ತಾನಾಗೇ ಬರುತ್ತೆ ಅನಿಸುತ್ತದೆ, ಅಲ್ವಾ? ಕಣ್ಣಿರುವ ಮಗು ಅಮ್ಮ ಮಾಡುವುದನ್ನು ದಿನಾ ನೋಡಿ ಕಲಿಯುತ್ತದೆ. ಕಾಣದ ಮಗುವಿಗೆ ಅಡುಗೆಮನೆಯಿಂದ ಬರುವುದು ಸದ್ದು, ವಾಸನೆ ಅಷ್ಟೇ. ಶಾಲೆಯ ದಿನಗಳಲ್ಲಿ ಬೆಳಗಿನ ಗಡಿಬಿಡಿಗೆ ಮನೆಯವರೇ ಗುಂಡಿ ಹಾಕಿ, ತುತ್ತು ಕಲಸಿ ಕಳಿಸಿಬಿಡುತ್ತಾರೆ. ರಜೆಯಲ್ಲಿ ಆ ಅವಸರವಿಲ್ಲ.

ನೀರು ಬಗ್ಗಿಸುವುದನ್ನೇ ತೆಗೆದುಕೊಳ್ಳಿ. ಮಗುವಿನ ಕೈ ಹಿಡಿದೆಳೆದು ಮಾಡಿಸುವುದಿಲ್ಲ. ನಮ್ಮ ಕೈ ಕೆಳಗೆ, ಮಗುವಿನ ಕೈ ಮೇಲೆ. ನಮ್ಮ ಬೆರಳು ಏನು ಮಾಡುತ್ತಿದೆ ಎಂದು ಅದು ಮುಟ್ಟಿ ತಿಳಿಯುತ್ತದೆ, ಬೇಡವಾದರೆ ಕೈ ತೆಗೆಯುತ್ತದೆ. ಲೋಟವನ್ನು ಅಂಚಿರುವ ತಟ್ಟೆಯಲ್ಲಿ ಇಡುತ್ತೇವೆ, ಚೆಲ್ಲಿದರೂ ಅಲ್ಲೇ ನಿಲ್ಲಲಿ ಅಂತ. ಜಗ್ಗಿನ ಮೂತಿ ಲೋಟದ ಅಂಚಿಗೆ ತಾಗಿರಬೇಕು. ತಣ್ಣೀರಾದರೆ ತೋರುಬೆರಳ ತುದಿಯನ್ನು ಲೋಟದೊಳಗೆ ಇಳಿಬಿಟ್ಟಿರಬೇಕು, ನೀರು ತಾಗಿದ ಕೂಡಲೇ ನಿಲ್ಲಿಸಬೇಕು. ಲೋಟ ತುಂಬಿದಂತೆ ಸದ್ದಿನ ಸ್ವರವೂ ಏರುತ್ತದೆ. ಮಕ್ಕಳು ಅದನ್ನು ಬಹಳ ಬೇಗ ಗುರುತು ಹಿಡಿಯುತ್ತಾರೆ. ಬಿಸಿ ಕಾಫಿಯ ಸರದಿ ಆಮೇಲೆ. ಅದಕ್ಕೆ ಬೆರಳು ಬೇಡ; ಲೋಟದ ಅಂಚಿಗೆ ಸಿಕ್ಕಿಸಿ, ಮಟ್ಟ ಮುಟ್ಟಿದಾಗ ಬೀಪ್ ಎನ್ನುವ ಪುಟ್ಟ ಸಾಧನ ಸಿಗುತ್ತದೆ. ಅಲ್ಪಸ್ವಲ್ಪ ಕಾಣುವ ಮಗುವಾದರೆ ಹಾಲಿಗೆ ಗಾಢ ಬಣ್ಣದ ಲೋಟ ಕೊಡಿ, ಬಿಳುಪು ಎದ್ದು ಕಾಣುತ್ತದೆ.

ದುಡ್ಡಿನ ಪಾಠ ಕಷ್ಟದ್ದು. ಈಗಿನ 100, 200, 500 ರೂಪಾಯಿ ನೋಟುಗಳ ಅಗಲ ಒಂದೇ, 66 ಮಿ.ಮೀ. ಉದ್ದ 142, 146, 150. ಬರೀ 4 ಮಿ.ಮೀ. ವ್ಯತ್ಯಾಸ ಎಳೆ ಬೆರಳಿಗೆ ಹೇಗೆ ಸಿಗಬೇಕು? ಹಾಗಾಗಿ ಒಂದೊಂದು ನೋಟನ್ನು ಒಂದೊಂದು ರೀತಿ ಮಡಚಿಡಲು ಕಲಿಸುತ್ತೇವೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮಣಿ’ ಆ್ಯಪ್ ಕ್ಯಾಮೆರಾ ಮುಂದೆ ಹಿಡಿದ ನೋಟಿನ ಬೆಲೆ ಹೇಳುತ್ತದೆ. ದೊಡ್ಡ ಮಕ್ಕಳಿಗೆ ಅದೂ ಗೊತ್ತಿರಲಿ.

ಆಮೇಲೆ ನಿಜವಾದ ಅಂಗಡಿ. ಅಂಗಡಿಯವರು ಹುಡುಗನನ್ನು ಬಿಟ್ಟು ನಮ್ಮನ್ನೇ ಕೇಳುತ್ತಾರೆ, ‘ಇವನಿಗೇನು ಬೇಕಂತೆ?’ ನಾವು ಬಾಯಿ ಬಿಡುವುದಿಲ್ಲ. ಅವನೇ ಹೇಳುವವರೆಗೆ ಕಾಯುತ್ತೇವೆ. ಜೊತೆಗೆ ಬಂದ ಅಪ್ಪ ಅಮ್ಮಂದಿರಿಗೆ ಇದು ಎಲ್ಲಕ್ಕಿಂತ ಕಷ್ಟ, ಗೊತ್ತು. ದಯವಿಟ್ಟು ತಡೆದುಕೊಳ್ಳಿ.

ಶಿಬಿರ ಮುಗಿದ ಮೇಲೆ ಮನೆಯ ಒಂದು ಕೆಲಸ ಪೂರ್ತಿ ಮಗುವಿಗೇ ಬಿಡಿ. ಊಟಕ್ಕೆ ಎಲ್ಲರ ತಟ್ಟೆ ಇಡುವುದಾದರೂ ಆದೀತು. ತಟ್ಟೆಗಳು ದಿನಾ ಅದೇ ಜಾಗದಲ್ಲಿರಲಿ. ಜಾಗ ಬದಲಿಸಿದರೆ ಮೊದಲು ಮಗುವಿಗೆ ಹೇಳಿ, ಕೈಯಿಟ್ಟು ನೋಡಲು ಬಿಡಿ.