ಎ ಗುಂಪಿಗೆ ಪಿ ಬಂತು, ಬಿ ಗುಂಪಿಗೆ ಬರಲಿಲ್ಲ: ಹಾಗಾದರೆ ಎ ಮೇಲೇ?

ಬಾಗಲಕೋಟೆ, ವಿಜಯಪುರದ ಕಡೆಯ ಪಿಜಿ ವಿದ್ಯಾರ್ಥಿಗಳು ಥೀಸಿಸ್‌ನ ಮಾಸ್ಟರ್ ಚಾರ್ಟ್ (ಎಲ್ಲ ರೋಗಿಗಳ ಅಂಕಿಗಳ ಪಟ್ಟಿ) ಹಿಡಿದು ಬಂದಾಗ ಕೇಳುವುದು ಹೆಚ್ಚಾಗಿ ಇದನ್ನೇ: "ಸರ್, ಎ ಗುಂಪಿನ್ಯಾಗ ಪಿ 0.03 ಬಂದೈತ್ರಿ, ಬಿ ಗುಂಪಿನ್ಯಾಗ 0.08. ಹಂಗಾದ್ರ ಎ ಔಷಧನ ಛಲೋ ಅಲ್ರಿ?"

ಹಾಗೆ ಹೇಳಲು ಬರುವುದಿಲ್ಲ. ಪಿ ಎಂದರೆ, ನಿಜಕ್ಕೂ ಫರಕೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಫರಕು ಆಕಸ್ಮಿಕವಾಗಿ ಕಾಣುವ ಸಂಭವ; ಅದು 0.05ಕ್ಕಿಂತ ಕಡಿಮೆಯಾದರೆ ಫರಕು ಇದೆ ಎಂದು ಒಪ್ಪುವುದು ರೂಢಿ. ಒಂದೊಂದು ಗುಂಪಿಗೂ ಬೇರೆ ಬೇರೆಯಾಗಿ ಪೇರ್ಡ್ ಟಿ-ಟೆಸ್ಟ್ (ಅದೇ ರೋಗಿಗಳ ಎರಡು ಅಳತೆಗಳ ಹೋಲಿಕೆ) ಹಚ್ಚಿದ್ದೀರಿ. ಆ ಗುಂಪಿನಲ್ಲಿ ಚಿಕಿತ್ಸೆಗೆ ಮೊದಲಿಗೂ ನಂತರಕ್ಕೂ ಫರಕು ಇದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಎ ಮತ್ತು ಬಿ ಇನ್ನೂ ಎದುರುಬದುರಾಗಿಯೇ ಇಲ್ಲ.

ಲೆಕ್ಕ ಮಾಡಿಯೇ ನೋಡೋಣ. ಮೊಣಕಾಲು ನೋವು, 100 ಮಿ.ಮೀ. ವಿಎಎಸ್ ಗೆರೆ (ನೋವು ಎಷ್ಟೆಂದು ರೋಗಿ ಗುರುತು ಹಾಕುವ ಗೆರೆ), ಗುಂಪಿಗೆ 30 ಜನ ಎಂದಿಟ್ಟುಕೊಳ್ಳಿ. ನೋವು ಎ ಗುಂಪಿನಲ್ಲಿ ಸರಾಸರಿ 10 ಮಿ.ಮೀ. ಇಳಿಯಿತು, ಬಿ ಗುಂಪಿನಲ್ಲಿ 8. ಇಳಿಕೆಯ ಎಸ್‌ಡಿ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎರಡರಲ್ಲೂ 24. ಅದನ್ನು 30ರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಆಚೀಚೆ ಆಗಬಹುದೆಂಬ ಅಳತೆ) 4.38. ಸರಾಸರಿ ಇಳಿಕೆಯನ್ನು ಇದರಿಂದ ಭಾಗಿಸಿದರೆ ಟಿ. ಎ ಗುಂಪಿನ ಟಿ 2.28, ಪಿ 0.03, ಬಿ ಗುಂಪಿನ ಟಿ 1.83, ಪಿ 0.08. ಈಗ ಇಳಿಕೆ ಇಳಿಕೆಯನ್ನೇ ಹೋಲಿಸಿ: ಅಂತರ 2 ಮಿ.ಮೀ., ಅದರ ಎರರ್ 6.2, ಟಿ 0.32, ಪಿ ಸುಮಾರು 0.75. ಒಂದು ಪಿ 0.05ರ ಈಚೆಗೆ, ಇನ್ನೊಂದು ಆಚೆಗೆ ಬಿತ್ತು, ಅಷ್ಟೇ. ಹಾಗಂತ ಎರಡೂ ಔಷಧ ಸಮ ಎಂದೂ ಬರೆಯಬೇಡಿ. ಅಂತರದ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿ) −10ರಿಂದ +14ರವರೆಗೆ ಹರಡಿದೆ.

ಇನ್ನೊಂದು ಮಾತು. ಕಬ್ಬು ಕಡಿಯುವ ಹಂಗಾಮಿನಲ್ಲಿ ನೋವು ತಾಳಲಾರದಷ್ಟಾದಾಗಲೇ ಜನ ಓಪಿಡಿಗೆ ಬರುತ್ತಾರೆ. ಏನೂ ಕೊಡದಿದ್ದರೂ ಕೆಲವು ವಾರಕ್ಕೆ ನೋವು ಒಂದಿಷ್ಟು ಇಳಿದೀತು. ಅದನ್ನು ಕಳೆದು ನೋಡಲೆಂದೇ ಎರಡನೇ ಗುಂಪು ಇಟ್ಟದ್ದು. ದುಡಿಮೆ ಬಿಟ್ಟು ಫಾಲೋಅಪ್‌ಗೆ ಬಂದವರ ಅಂಕಿಗಳನ್ನು ಹೀಗೆ ಪೋಲು ಮಾಡಬಾರದು.

ಮಾಸ್ಟರ್ ಚಾರ್ಟ್‌ನಲ್ಲಿ 'ಮೊದಲು − ನಂತರ' ಎಂಬ ಕಾಲಂ ಸೇರಿಸಿ, ಅದರ ಮೇಲೆ ಅನ್‌ಪೇರ್ಡ್ ಟಿ-ಟೆಸ್ಟ್ (ಎರಡು ಬೇರೆ ಗುಂಪುಗಳ ಹೋಲಿಕೆ) ಮಾಡಿ. ಎಸ್‌ಡಿಗಳು ದೂರ ದೂರ ಇದ್ದರೆ ವೆಲ್ಚ್ ವಿಧಾನ. ರೋಗಿಗಳನ್ನು ರ‍್ಯಾಂಡಮ್ ಆಗಿ ಹಂಚಿದ್ದರೆ, ಮೊದಲ ಅಳತೆಯನ್ನು ಕೋವೇರಿಯೇಟ್ (ಲೆಕ್ಕದಲ್ಲಿ ಸರಿದೂಗಿಸುವ ಅಂಶ) ಮಾಡಿ ಆನ್ಕೋವಾ ಹಾಕುವುದು ಸಾಮಾನ್ಯವಾಗಿ ಇನ್ನೂ ಒಳ್ಳೆಯದು. ಅಂಕಿಗಳು ತೀರಾ ಒಂದೇ ಕಡೆ ವಾಲಿದ್ದರೆ ಮ್ಯಾನ್-ವಿಟ್ನಿ. ಮೂರು ಗುಂಪಿದ್ದರೆ ಅನೋವಾ, ಆಮೇಲೆ ಟುಕಿ. ಗುಣವಾಯಿತು, ಆಗಲಿಲ್ಲ ಎಂಬ ಎಣಿಕೆಗೆ ಕೈ-ಸ್ಕ್ವೇರ್. ಎಣಿಕೆಯ ಕೋಷ್ಟಕದ ಯಾವುದೇ ಮನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಾದರೆ ಫಿಶರ್. ಯಾವುದನ್ನು ಹಾಕುತ್ತೀರೆಂದು ಸಿನಾಪ್ಸಿಸ್‌ನಲ್ಲೇ (ಅಧ್ಯಯನಕ್ಕೆ ಮೊದಲು ಕೊಡುವ ರೂಪರೇಖೆ) ಬರೆದು ಗೈಡ್ ಸಹಿ ಪಡೆಯಿರಿ. ಡೇಟಾ ಕೈಗೆ ಬಂದ ಮೇಲೆ ಟೆಸ್ಟ್ ಬದಲಿಸಿದರೆ, ಕಾರಣವನ್ನೂ ಥೀಸಿಸ್‌ನಲ್ಲಿ ಕೊಡಬೇಕಾಗುತ್ತದೆ.