ಕಂಟ್ರೋಲ್ ಕೇಬಲ್ ಮನೆಯಲ್ಲೇ ಕಟ್ಟುವುದು: ಒತ್ತಿದಾಗ ಸ್ಲೀವ್ ಉದ್ದವಾಗುವ ಲೆಕ್ಕ

ಅಲ್ಟ್ರಾಲೈಟ್ ಎಂಬ ಪುಟ್ಟ ಹಗುರ ವಿಮಾನದ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು), ಎಲಿವೇಟರ್ (ಮೂತಿಯನ್ನು ಏರಿಳಿಸುವುದು), ಐಲೆರಾನ್‌ಗಳ (ರೆಕ್ಕೆಯನ್ನು ವಾಲಿಸುವುವು) ಹಳೆಯ ಕೇಬಲ್ ಬಿಚ್ಚಿ, ಹೊಸದನ್ನು ತಾವೇ ಕಟ್ಟಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಕಲಿತದ್ದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಬೋಲ್ಟ್, ಪಿನ್, ಲಾಕ್‌ನಟ್‌ಗಳ ವಿಷಯ ಬಿಟ್ಟಿದ್ದೇನೆ, ಅದು ನಿಮಗೂ ಗೊತ್ತಿರುತ್ತದೆ. ತೊಡಕಾದದ್ದು ಒಂದೇ ಹಂತ: ತಾಮ್ರದ ಸ್ಲೀವ್ (ಎರಡು ಎಳೆ ಕೇಬಲ್ ತೂರುವ ಗಿಡ್ಡ ಕೊಳವೆ) ಒತ್ತಿ ಕೇಬಲ್ ತುದಿಗೆ ಕುಣಿಕೆ ಕಟ್ಟುವುದು. ಒತ್ತಿದಾಗ ಸ್ಲೀವ್ ಉದ್ದವಾಗುತ್ತದೆ ಎಂಬ ಒಂದು ಸಂಗತಿ ತಲೆಗೆ ಹತ್ತಿದ ಮೇಲೆ ಉಳಿದ ನಿಯಮಗಳೆಲ್ಲ ಅದರ ಹಿಂದೆಯೇ ಸಾಲಾಗಿ ಬಂದವು.

ಮೊದಲಿಗೆ ಒಂದು ಮಾತು. ವಿಮಾನ ತಯಾರಕರ ಕೈಪಿಡಿಯಲ್ಲಿ ಹೇಳಿದ ಕೇಬಲ್ಲಿಗಿಂತ ಬೇರೆ ಗಾತ್ರದ್ದನ್ನೋ ಬೇರೆ ಜಾತಿಯದ್ದನ್ನೋ ಹಾಕಬೇಡಿ. ಕೆಲಸದ ವಿಧಾನಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಎಂಬ ಮಾರ್ಗದರ್ಶಿಯ 7ನೇ ಅಧ್ಯಾಯ ಓದಿ. ಕೆಳಗಿನ ಅಳತೆಗಳು, ಒತ್ತುವ ಕ್ರಮ, ಪರೀಕ್ಷೆಯ ಭಾರ ಎಲ್ಲವೂ ಅಲ್ಲಿವೆ. ಅದು ನಿಯಮವನ್ನು ಹೇಳುತ್ತದೆ, ಕಾರಣವನ್ನು ಹೆಚ್ಚು ಬಿಡಿಸುವುದಿಲ್ಲ. ಕಾರಣ ತಿಳಿಯದೆ ನನಗೆ ನಿಯಮ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಇಷ್ಟು ಬರೆಯಬೇಕಾಯಿತು.

ಕೇಬಲ್

7×19 ಎಂದರೆ 7 ಎಳೆಗಳು, ಒಂದೊಂದು ಎಳೆಯಲ್ಲಿ 19 ತಂತಿಗಳು, ಒಟ್ಟು 133. ಚೆನ್ನಾಗಿ ಬಾಗುತ್ತದೆ, ರಾಟೆಯ ಮೇಲೆ ಓಡಾಡಲು ಇದೇ ಸರಿ. 7×7ರಲ್ಲಿ 49 ತಂತಿಗಳು, ಸ್ವಲ್ಪ ಬಿಗಿ. 1×19 ಬಾಗುವ ಕೆಲಸಕ್ಕೆ ಬಾರದು, ರೆಕ್ಕೆಯನ್ನು ನೇರವಾಗಿ ಬಿಗಿದು ಹಿಡಿಯುವಂಥ ಕಡೆಗೆ ಮಾತ್ರ. 1/8 ಇಂಚಿನ, ಅಂದರೆ ಸುಮಾರು 3.2 ಮಿ.ಮೀ. ದಪ್ಪದ 7×19 ಕೇಬಲ್ ಸತು ಲೇಪಿತ ಉಕ್ಕಿನದಾದರೆ 2000 ಪೌಂಡ್ (907 ಕಿಲೋ), ಸ್ಟೇನ್‌ಲೆಸ್ ಆದರೆ 1760 ಪೌಂಡ್ (798 ಕಿಲೋ) ಎಳೆತ ತಡೆಯುತ್ತದೆ. 3/32 ಇಂಚಿನ 7×7 ಕೇಬಲ್ಲಿಗೆ 920 ಪೌಂಡ್ (417 ಕಿಲೋ). ಸ್ಟೇನ್‌ಲೆಸ್ ತುಕ್ಕಿಗೆ ಜಗ್ಗುವುದಿಲ್ಲ, ಆದರೆ ರಾಟೆಯ ಮೇಲೆ ಬಾಗಿ ಬಾಗಿ ಸವೆಯುವ ವಿಷಯದಲ್ಲಿ ಸತು ಲೇಪಿತವೇ ಹೆಚ್ಚು ಬಾಳುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬೇಡ. ಒಳಗೆ ತುಕ್ಕು ಹಿಡಿದರೂ, ತಂತಿ ಮುರಿದರೂ ಹೊರಗೆ ಕಾಣುವುದಿಲ್ಲ.

ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಟೇಪಿನ ನಡುವೆಯೇ ಕೇಬಲ್ ಕಟರ್‌ನಿಂದ ಒಂದೇ ಏಟಿಗೆ ಕತ್ತರಿಸಿ. ಗ್ಯಾಸ್ ಟಾರ್ಚ್ ಬಳಸುವಂತಿಲ್ಲ, ಬಿಸಿ ತಾಗಿದ ಕಡೆ ತಂತಿಯ ಗಟ್ಟಿತನ ಹೋಗುತ್ತದೆ. ಉದ್ದವನ್ನು ಧಾರಾಳವಾಗಿ ಬಿಟ್ಟುಕೊಂಡೇ ಕತ್ತರಿಸಿ.

ಸ್ಲೀವ್

ಕೇಬಲ್ ತುದಿಯನ್ನು ಸ್ಲೀವ್‌ನ ಒಂದು ಕಿಂಡಿಯಿಂದ ತೂರಿಸಿ, ಥಿಂಬಲ್ (ಕುಣಿಕೆಯ ಒಳಗೆ ಕೂರುವ, ಒಂದು ತುದಿ ಚೂಪಾದ ಲೋಹದ ಬಳೆ) ಸುತ್ತ ತಂದು, ಇನ್ನೊಂದು ಕಿಂಡಿಯಿಂದ ವಾಪಸ್ ತೆಗೆಯುತ್ತೇವೆ. ಆಮೇಲೆ ನಿಕೋಪ್ರೆಸ್ ಎಂಬ, ಸ್ಲೀವ್ ಒತ್ತುವ ಉಪಕರಣದ ದವಡೆಯಲ್ಲಿಟ್ಟು ಒತ್ತುತ್ತೇವೆ. ತಾಮ್ರ ಹರಿದು ತಂತಿಗಳ ಸಂದುಗಳಿಗೆಲ್ಲ ತುಂಬಿಕೊಂಡು ಕಚ್ಚುತ್ತದೆ. ಸರಿಯಾಗಿ ಮಾಡಿದ ಕುಣಿಕೆ ಕೇಬಲ್‌ನ ಪೂರ್ತಿ ಬಲಕ್ಕೆ ಸಮ. ಕೈಯಿಂದ ಹೆಣೆದ ಹಳೆಯ ಕಾಲದ ಕುಣಿಕೆಗೆ 75% ಮಾತ್ರ. ಸತು ಲೇಪಿತ ಕೇಬಲ್ಲಿಗೆ ಬರಿಯ ತಾಮ್ರದ ಸ್ಲೀವ್, ಸ್ಟೇನ್‌ಲೆಸ್ ಕೇಬಲ್ಲಿಗೆ ಸತು ಲೇಪಿಸಿದ ತಾಮ್ರದ ಸ್ಲೀವ್. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಸ್ಲೀವ್ ಈ ಕೆಲಸಕ್ಕಲ್ಲ.

ಈಗ ಆ ಒಂದು ಸಂಗತಿ. 1/8 ಇಂಚಿನ ಕೇಬಲ್ಲಿನ ಸ್ಲೀವ್ ಒತ್ತುವ ಮೊದಲು 9/16 ಇಂಚು, ಅಂದರೆ 14.3 ಮಿ.ಮೀ. ಮೂರು ಸಲ ಒತ್ತಿದ ಮೇಲೆ 3/4 ಇಂಚು, 19 ಮಿ.ಮೀ. ಹತ್ತಿರ ಹತ್ತಿರ 4.8 ಮಿ.ಮೀ. ಬೆಳೆಯಿತು. ತಾಮ್ರ ಎಲ್ಲಿಗೂ ಮಾಯವಾಗುವುದಿಲ್ಲ. ಸುತ್ತಲಿಂದ ಹಿಂಡಿದರೆ ಎರಡು ತುದಿಗಳ ಕಡೆಗೇ ಹರಿಯಬೇಕು. ಚಪಾತಿ ಹಿಟ್ಟಿನ ಉರುಳೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಎರಡೂ ಕಡೆಯಿಂದ ಹೊರಬರುವುದಿಲ್ಲವೇ, ಹಾಗೆ. ಒಂದೊಂದು ಕಡೆಗೆ ಅರ್ಧರ್ಧ ಎಂದು ಲೆಕ್ಕ ಹಿಡಿದರೆ ಸುಮಾರು 2.4 ಮಿ.ಮೀ.

ಇದರಿಂದ ಬಾಲದ ಪ್ರಶ್ನೆ ಬಗೆಹರಿಯುತ್ತದೆ. ಬಾಲ ಎಂದು ನಾನು ಕರೆಯುವುದು ವಾಪಸ್ ಬಂದ ತುದಿಯನ್ನು. ಅದನ್ನು ಸ್ಲೀವ್‌ನ ಅಂಚಿಗೆ ಸರಿಯಾಗಿ ನಿಲ್ಲಿಸಿದರೆ ನೋಡಲು ಅಚ್ಚುಕಟ್ಟು. ಆದರೆ ಒತ್ತಿದಾಗ ಸ್ಲೀವ್ ಆ ಕಡೆಗೂ 2.4 ಮಿ.ಮೀ. ಬೆಳೆದು ಬಾಲವನ್ನು ನುಂಗಿಬಿಡುತ್ತದೆ. ಆಗ ಕೊನೆಯ ಒತ್ತಿನ ಕೆಳಗೆ ಎರಡು ಕೇಬಲ್ ಇರಬೇಕಾದ ಕಡೆ ಒಂದೂವರೆ ಇದ್ದಂತೆ. ಹಿಡಿತ ಪೂರ್ತಿಯಾಗುವುದಿಲ್ಲ, ಬಾಲ ಎಲ್ಲಿದೆ ಎಂಬುದು ಹೊರಗಿನಿಂದ ತಿಳಿಯುವುದೂ ಇಲ್ಲ. ಆದ್ದರಿಂದ ಒತ್ತುವ ಮೊದಲೇ ಬಾಲ ಆ 2.4 ಮಿ.ಮೀ.ಗಿಂತ ಹೆಚ್ಚು ಹೊರಗಿರಬೇಕು. ನಾನು ಸುಮಾರು 5 ಮಿ.ಮೀ. ಬಿಡುತ್ತೇನೆ. ಒತ್ತಿದ ಮೇಲೂ ಎರಡು ಮಿ.ಮೀ.ನಷ್ಟು ತುದಿ ಕಣ್ಣಿಗೆ ಕಾಣುತ್ತಿರುತ್ತದೆ, ಮುಂದೆ ತಪಾಸಣೆ ಮಾಡುವವರಿಗೂ ಕಾಣುತ್ತದೆ. ಚುಚ್ಚುತ್ತದೆ ಎಂದು ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಕೊಳವೆ ಹಾಕಬೇಡಿ. ಹಾಕಲೇಬೇಕಾದರೆ ಪಾರದರ್ಶಕದ್ದು.

ಥಿಂಬಲ್ ಕಡೆಗೂ ಇದೇ ಲೆಕ್ಕ. ಸ್ಲೀವ್ ಥಿಂಬಲ್‌ನ ಚೂಪಿಗೆ ಹತ್ತಿರವಿರಬೇಕು, ಒತ್ತಿದ ಮೇಲೆ ಬಂದು ತಾಗಬೇಕು. ತೀರಾ ದೂರವಿಟ್ಟರೆ ಬೆಳೆದರೂ ತಲುಪುವುದಿಲ್ಲ, ಕುಣಿಕೆ ಸಡಿಲವಾಗಿ ಥಿಂಬಲ್ ಅಲ್ಲಾಡುತ್ತದೆ. ಮೊದಲೇ ಒತ್ತಿ ಹಿಡಿದಿಟ್ಟರೆ ಬೆಳೆಯುವ ತಾಮ್ರಕ್ಕೆ ಜಾಗವಿಲ್ಲದೆ ಥಿಂಬಲ್ ಮುಂದಕ್ಕೆ ತಳ್ಳಲ್ಪಟ್ಟು ಓರೆಯಾಗುತ್ತದೆ. ಬೆಳೆಯಲು ಬೇಕಾದಷ್ಟೇ ಸಂದು ಬಿಡುವುದು ಇದರ ಗುಟ್ಟು. ಥಿಂಬಲ್‌ನ ಚೂಪು ತುದಿಗಳು ಅಡ್ಡ ಬಂದರೆ ಕತ್ತರಿಸಬಹುದು, ಆದರೆ ಕೊನೆಗೆ ಥಿಂಬಲ್ ಕುಣಿಕೆಯಲ್ಲಿ ಬಿಗಿಯಾಗಿ ಕೂತಿರಲೇಬೇಕು.

ಇನ್ನು ಒತ್ತುವ ಕ್ರಮ: ಮೊದಲು ನಡು, ಆಮೇಲೆ ಥಿಂಬಲ್ ಪಕ್ಕ, ಕೊನೆಗೆ ಬಾಲದ ಪಕ್ಕ. ಇದನ್ನು ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ, ಹರಿಯುವ ತಾಮ್ರವನ್ನು ಕಣ್ಣ ಮುಂದೆ ತಂದುಕೊಂಡರೆ ಮರೆಯುವುದಿಲ್ಲ. ನಡುವೆ ಮೊದಲು ಒತ್ತಿದರೆ ತಾಮ್ರಕ್ಕೆ ಎರಡೂ ಕಡೆ ದಾರಿ ಇದೆ, ಸ್ಲೀವ್ ಕೇಬಲ್ ಮೇಲೆ ತಾನಿದ್ದ ಕಡೆಯೇ ನೆಲೆ ಹಿಡಿಯುತ್ತದೆ. ಎರಡನೆಯದು ಥಿಂಬಲ್ ಕಡೆಯ ಅಳತೆಯನ್ನು ಭದ್ರಪಡಿಸುತ್ತದೆ. ಕೊನೆಯದು ಮಿಕ್ಕ ಬೆಳವಣಿಗೆಯನ್ನು ಬಾಲದ ಕಡೆ ತಳ್ಳುತ್ತದೆ, ಅಲ್ಲಿ ನಾವು ಜಾಗ ಬಿಟ್ಟಿದ್ದೇವೆ. ಎರಡು ತುದಿಗಳನ್ನು ಮೊದಲು ಒತ್ತಿ ನಡುವನ್ನು ಕೊನೆಗೆ ಒತ್ತಿದರೆ ನಡುವಿನ ತಾಮ್ರ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. 3/32 ಇಂಚಿನ ಕೇಬಲ್ಲಿನ ಸ್ಲೀವ್‌ಗೆ ಒಂದೇ ಒತ್ತು, 7/16 ಇಂಚಿದ್ದದ್ದು 1/2 ಇಂಚಾಗುತ್ತದೆ. ಬೆಳವಣಿಗೆ ಕಡಿಮೆ, ಲೆಕ್ಕ ಅದೇ.

ಇನ್ನೊಂದು ಗೊಂದಲ, ಇದು ನನ್ನನ್ನು ಬಹಳ ಕಾಡಿತು: ಸ್ಲೀವ್ ಅಂಡಾಕಾರ, ದವಡೆಯೊಳಗೆ ಯಾವ ಮಗ್ಗುಲಾಗಿ ಇಡಬೇಕು? ಕೈ ತಾನಾಗಿಯೇ ಅದನ್ನು ಚಪ್ಪಟೆಯಾಗಿ ಮಲಗಿಸುತ್ತದೆ. ಬೇಕಾದದ್ದು ಅದಕ್ಕೆ ವಿರುದ್ಧ. ಒಳಗೆ ಎರಡು ಕೇಬಲ್‌ಗಳು ಅಕ್ಕಪಕ್ಕ ಇವೆ, ಅವೆರಡನ್ನೂ ಒಂದರ ಕಡೆಗೊಂದು ಒತ್ತಬೇಕು. ಹಾಗಾಗಿ ಅಂಡಾಕಾರದ ಅಗಲದ ಬದಿ ದವಡೆ ಮುಚ್ಚುವ ದಿಕ್ಕಿಗೇ ಬರುವಂತೆ, ಸ್ಲೀವ್ ಎದ್ದು ನಿಂತಂತೆ ಇಡಬೇಕು. ಒತ್ತಲು ಶುರು ಮಾಡಿದಾಗ ಓರೆಯಾದಂತೆ ಕಂಡರೆ ಅಲ್ಲೇ ನಿಲ್ಲಿಸಿ, ದವಡೆ ತೆರೆದು, ನೇರ ಮಾಡಿ, ಮತ್ತೆ ಒತ್ತಿ. ಒತ್ತು ಸಾಕಾಯಿತೇ ಎಂದು ನೋಡುವ ಕಿಂಡಿಯ ಅಳತೆಪಟ್ಟಿ, ಅಂದರೆ ಗೇಜ್, ಹಿಡಿಯುವುದೂ ಇದೇ ಅಗಲದ ಬದಿಗೆ. ಒತ್ತಿದ ನಡುಭಾಗ ಗೇಜ್‌ನ ಕಿಂಡಿಯಲ್ಲಿ ಕೂದಲೆಳೆಯಷ್ಟು ಸಡಿಲದೊಂದಿಗೆ ಕೂರಬೇಕು. ಕೂರದಿದ್ದರೆ ಒತ್ತು ಸಾಲದು, ಉಪಕರಣದ ಹೊಂದಾಣಿಕೆ ತಿರುಪನ್ನು ಬಿಗಿಮಾಡಬೇಕು. ಬೋಲ್ಟ್ ಬಿಗಿದು ಒತ್ತುವ ಸಣ್ಣ ಉಪಕರಣ ಬಳಸುವವರಿಗಂತೂ ಗೇಜ್ ಇಲ್ಲದೆ ಆಗದು. ಎರಡು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಮನಾಗಿ ತಿರುಗಿಸದಿದ್ದರೆ ಸ್ಲೀವ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ.

ಉದ್ದ

ಹಳೆಯ ಕೇಬಲ್ ಪಕ್ಕಕ್ಕಿಟ್ಟು ಅಷ್ಟೇ ಉದ್ದ ಕತ್ತರಿಸಿದರೆ ಆಯಿತು ಎಂದುಕೊಳ್ಳಬೇಡಿ. ಅದು ವರ್ಷಗಳ ಎಳೆತದಲ್ಲಿ ಹಿಗ್ಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೇಬಲ್ ಉದ್ದ ನಿರ್ಧಾರವಾಗುವುದು ಕತ್ತರಿಸಿದಾಗ ಅಲ್ಲ, ಎರಡನೇ ಕುಣಿಕೆಯ ಮೊದಲ ಒತ್ತು ಬಿದ್ದಾಗ. ದಪ್ಪ ಹಲಗೆಯ ಮೇಲೆ ಎರಡು ಬೋಲ್ಟ್ ನಿಲ್ಲಿಸಿ. ಅವುಗಳ ನಡುವಿನ ದೂರ, ಥಿಂಬಲ್‌ನ ಒಳಬದಿ ಪಿನ್ನಿಗೆ ತಾಗುವ ಬಿಂದುವಿನಿಂದ ಇನ್ನೊಂದು ಥಿಂಬಲ್‌ನ ಅದೇ ಬಿಂದುವಿಗೆ ಬೇಕಾದ ಉದ್ದ. ಮೊದಲ ಕುಣಿಕೆ ಮೇಜಿನ ಮೇಲೆ ಮುಗಿಸಿ ಒಂದು ಬೋಲ್ಟಿಗೆ ಸಿಕ್ಕಿಸಿ, ಎರಡನೆಯದನ್ನು ಇನ್ನೊಂದು ಬೋಲ್ಟಿನ ಮೇಲೆಯೇ, ಕೇಬಲ್ ಬಿಗಿ ಎಳೆದುಕೊಂಡು, ಒತ್ತಿ. ಅದಕ್ಕೂ ಮೊದಲು ವಿಮಾನದಲ್ಲಿ ಕೇಬಲ್ ಸಾಗುವ ದಾರಿ ನೋಡಿಕೊಳ್ಳಿ. ಕುಣಿಕೆ ತೂರದ ಫೇರ್‌ಲೀಡ್ (ಕೇಬಲ್ಲನ್ನು ದಾರಿಯಲ್ಲಿ ಹಿಡಿದಿಡುವ ತೂತಿನ ತುಂಡು) ನಡುವೆ ಇದ್ದರೆ ಎರಡನೇ ತುದಿಯನ್ನು ವಿಮಾನದೊಳಗೇ ಕಟ್ಟಬೇಕಾಗುತ್ತದೆ.

ತಿರುಗಿಸಿ ಕೇಬಲ್ ಬಿಗಿ ಹೊಂದಿಸುವ ಟರ್ನ್‌ಬಕಲ್ ಇದೆಯಲ್ಲ, ಹೆಚ್ಚುಕಡಿಮೆ ಅದರಲ್ಲೇ ಸರಿಹೋಗುತ್ತದೆ ಎಂಬ ಧೈರ್ಯ ಬೇಡ. ಅದರ ನಡುವಿನ ಕೊಳವೆಯ, ಅಂದರೆ ಬ್ಯಾರಲ್‌ನ ಎರಡೂ ಕಡೆ ಮೂರಕ್ಕಿಂತ ಹೆಚ್ಚು ಥ್ರೆಡ್ ಹೊರಗೆ ಕಾಣಬಾರದು. ಕೇಬಲ್ ಗಿಡ್ಡವಾದರೆ ಟರ್ನ್‌ಬಕಲ್ ಬಿಚ್ಚಿ ಬಿಚ್ಚಿ ಈ ಮಿತಿ ದಾಟಬೇಕಾಗುತ್ತದೆ. ಅದಕ್ಕಿಂತ ಇನ್ನೊಂದು ಕೇಬಲ್ ಕಟ್ಟುವುದೇ ಸರಿ. ಬಿಗಿ ಸರಿಯಾದ ಮೇಲೆ ಲಾಕ್‌ವೈರ್ ಅಥವಾ ಕ್ಲಿಪ್ ಹಾಕದೆ ಬಿಡುವಂತಿಲ್ಲ.

ಪರೀಕ್ಷೆ

ಕಟ್ಟಿದ ಪ್ರತಿಯೊಂದು ಕೇಬಲ್ಲಿಗೂ ಅದರ ಮುರಿಯುವ ಬಲದ 60% ಎಳೆತವನ್ನು ನಿಧಾನವಾಗಿ ಏರಿಸಿ 3 ನಿಮಿಷ ಹಿಡಿಯಬೇಕು. 2000 ಪೌಂಡಿನದಕ್ಕೆ 1200 ಪೌಂಡ್, ಅಂದರೆ 544 ಕಿಲೋ. 920ರದ್ದಕ್ಕೆ 552 ಪೌಂಡ್, 250 ಕಿಲೋ. ಗಟ್ಟಿ ತೊಲೆಯನ್ನು ಸನ್ನೆಯಾಗಿ ಬಳಸಿ 1:8 ಅನುಪಾತ ಇಟ್ಟುಕೊಂಡರೆ 68 ಕಿಲೋ ತೂಕ ತೂಗುಹಾಕಿದಾಗ 544 ಸಿಗುತ್ತದೆ. ತೊಲೆಯ ಸ್ವಂತ ಭಾರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಳೆತ ಕೊಡುವ ಮೊದಲು ಸ್ಲೀವ್‌ನ ಎರಡೂ ಅಂಚಿನಲ್ಲಿ ಕೇಬಲ್ಲಿಗೂ ಸ್ಲೀವ್‌ಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೆಯಿರಿ. ಇಳಿಸಿದ ಮೇಲೆ ಗೆರೆ ಮುರಿದಿದ್ದರೆ ಕೇಬಲ್ ಜಾರಿದೆ, ಅದು ತಿಪ್ಪೆಗೆ. ಹೊಸ ಕೇಬಲ್ಲಿನ ಎಳೆಗಳು ಒತ್ತಿಕೊಂಡು ಕೂರುವಾಗಿನ ಮೊದಲ ಹಿಗ್ಗುವಿಕೆಯೂ ಬಹುಮಟ್ಟಿಗೆ ಇಲ್ಲೇ ಮುಗಿಯುತ್ತದೆ, ಆದ್ದರಿಂದ ಉದ್ದವನ್ನು ಪರೀಕ್ಷೆಯ ನಂತರ ಮತ್ತೊಮ್ಮೆ ಅಳೆಯಿರಿ. ಎಳೆತದಲ್ಲಿರುವ ಕೇಬಲ್ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಅದರ ಮೇಲೆ ದಪ್ಪ ಕಂಬಳಿ ಹಾಸಿ, ಎರಡು ತುದಿಗಳ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಉಪಕರಣದ ಹೊಂದಾಣಿಕೆ ಬದಲಿಸಿದಾಗಲೆಲ್ಲ ಗಿಡ್ಡ ತುಂಡಿನಲ್ಲಿ ಎರಡು ಕುಣಿಕೆ ಕಟ್ಟಿ ಮೊದಲು ಅದನ್ನು ಎಳೆದು ನೋಡುವುದು ನನಗೆ ಬಹಳ ಇಷ್ಟವಾದ ಪದ್ಧತಿ. ವಿಮಾನಕ್ಕೆ ಹಾಕದ ತುಂಡು ಆದ್ದರಿಂದ ಕತ್ತರಿಸಿ ಒಳಗೂ ನೋಡಬಹುದು, ಸಂದಿಲ್ಲದೆ ತುಂಬಿದ ತಾಮ್ರ ಕಂಡರೆ ಕೈಗೆ ನಂಬಿಕೆ ಬರುತ್ತದೆ.

ಹಾಕಿದ ಮೇಲೆ

ಸ್ಟಿಕ್ ಮತ್ತು ಪೆಡಲ್‌ಗಳನ್ನು ಎರಡೂ ಕೊನೆಯವರೆಗೆ ಆಡಿಸಿ. ಯಾವ ಕೊನೆಯಲ್ಲೂ ಸ್ಲೀವ್ ರಾಟೆಗೋ ಫೇರ್‌ಲೀಡ್‌ಗೋ ಬಂದು ತಾಗಬಾರದು. ಫೇರ್‌ಲೀಡ್ ಕೇಬಲ್ಲಿನ ದಾರಿಯನ್ನು 3 ಡಿಗ್ರಿಗಿಂತ ಹೆಚ್ಚು ತಿರುಗಿಸಬಾರದು, ಅದಕ್ಕಿಂತ ಹೆಚ್ಚಿನ ತಿರುವಿಗೆ ರಾಟೆ ಬೇಕು. ಚೌಕಟ್ಟು ಅಲ್ಯೂಮಿನಿಯಂ, ಕೇಬಲ್ ಉಕ್ಕು. ಬಿಸಿಲಿಗೆ ಚೌಕಟ್ಟೇ ಹೆಚ್ಚು ಹಿಗ್ಗುವುದರಿಂದ ಕೇಬಲ್ ಬಿಗಿಯಾಗುತ್ತದೆ, ಚಳಿಗೆ ಸಡಿಲ. ಬಿಗಿಯನ್ನು ಯಾವ ತಾಪಮಾನದಲ್ಲಿ ಹೊಂದಿಸಿದಿರಿ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿಡಿ.

ಆಮೇಲೆ ದಿಕ್ಕು. ಸ್ಟಿಕ್ ಎಡಕ್ಕೆ ಎಂದರೆ ಎಡ ಐಲೆರಾನ್ ಮೇಲೆ, ಬಲದ್ದು ಕೆಳಗೆ. ಹಿಂದಕ್ಕೆ ಎಂದರೆ ಎಲಿವೇಟರ್ ಮೇಲೆ. ಎಡ ಪೆಡಲ್ ಎಂದರೆ ರಡ್ಡರ್ ಎಡಕ್ಕೆ. 2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ದುರಸ್ತಿ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರಾಯರ್ 190 ವಿಮಾನದಲ್ಲಿ ಐಲೆರಾನ್ ಕೇಬಲ್‌ಗಳು ಅದಲುಬದಲಾಗಿದ್ದವು. ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ವಾಲುತ್ತಿದ್ದ ವಿಮಾನವನ್ನು ಪೈಲಟ್‌ಗಳು ಬಹಳ ಹೆಣಗಾಡಿ ಬೇಜಾದಲ್ಲಿ ಇಳಿಸಿದರು, ಒಳಗಿದ್ದವರು ಬದುಕಿದರು. ನುರಿತವರ ಕೈಯಲ್ಲೇ ಹೀಗಾಗಬಹುದಾದರೆ ನಮ್ಮ ಕೈಯಲ್ಲೂ ಆಗಬಹುದು. ಈ ತಪಾಸಣೆಯನ್ನು ಕೇಬಲ್ ಕಟ್ಟಿದವರು ಒಬ್ಬರೇ ಮಾಡಬಾರದು. ಒಬ್ಬರು ಕೂತು ಸ್ಟಿಕ್ ಆಡಿಸಲಿ, ಇನ್ನೊಬ್ಬರು ರೆಕ್ಕೆಯ ಬಳಿ ನಿಂತು ಕಂಡದ್ದನ್ನು ಗಟ್ಟಿಯಾಗಿ ಹೇಳಲಿ.

ಮೊದಲ ಕೆಲವು ಹಾರಾಟಗಳ ನಂತರ ಬಿಗಿ ಮತ್ತು ಬಣ್ಣದ ಗೆರೆ ಮತ್ತೆ ನೋಡಿ. ಮುಂದಿನ ತಪಾಸಣೆಗಳಲ್ಲಿ ಬಟ್ಟೆ ಹಿಡಿದು ಕೇಬಲ್ ಉದ್ದಕ್ಕೂ ಒರೆಸಿ, ಮುರಿದ ತಂತಿ ಇದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಚರ್ಮ ಸೀಳುತ್ತದೆ. ರಾಟೆಯ ಮೇಲೆ ಓಡಾಡುವ ಭಾಗವನ್ನು ಮಾತ್ರ ಸಡಿಲಿಸಿ, ರಾಟೆಯಿಂದ ಈಚೆ ತಂದು, ಮೆಲ್ಲಗೆ ಬಾಗಿಸಿ ನೋಡಬೇಕು. ಅಲ್ಲಿ ಮುರಿದ ತಂತಿಗಳು ನೇರವಿದ್ದಾಗ ತಮ್ಮ ಜಾಗದಲ್ಲೇ ಮಲಗಿರುತ್ತವೆ, ಬಾಗಿಸಿದಾಗ ಮಾತ್ರ ಎದ್ದು ಕಾಣುತ್ತವೆ.